ಅಪ್ಪನ ಎಡಗಡೆ

ಜಮಖಂಡಿ
14-11-1989

ಪ್ರೀತಿಯ ಅವ್ವ,

ನಿನ್ನ ಸುಲಭಾಳ ನಮಸ್ಕಾರ. ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗಲು ಕೈ ಏಳುತ್ತಿಲ್ಲ. ಅಪ್ಪನ ಎಡಗೈ, ಎಡಗಾಲು ಇದ್ದ ಹಾಗೇ ಇವೆ. ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ. ಅಪ್ಪನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಪಾರ್ಶ್ವವಾಯು ಹೊಡೆದಾಗಿನಿಂದ, ಎಡಗಡೆ ಕೂತ ನೀನು ಅವರಿಗೆ ಕಂಡೇ ಇರಲಿಲ್ಲ.

ಇದನ್ನು ತಿಳಿಸಿದವರು ಹಾಲಸಿದ್ದಪ್ಪನವರು. ಮಿರಜಿನಲ್ಲಿ ಕಲಿತು ಬಂದು ಲೂನಾದ ಮೇಲೆ ಓಡಾಡುವ ಫಿಜಿಯೋಥೆರಪಿಸ್ಟ್. ಅಪ್ಪ ಅವರಿಗೆ 'ಗರಡಿ ಮಾಸ್ತರ' ಎಂದು ಹೆಸರಿಟ್ಟದ್ದು ನಿನಗೆ ಗೊತ್ತು. ಮೊದಮೊದಲು ಅವರು ಕೈಕಾಲು ಮಡಚಿ ಬಿಡಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಿ ಹೋಗುತ್ತಿದ್ದರು. ಒಂದು ದಿನ ಬೇರೆಯೇ ಪರೀಕ್ಷೆ ನಡೆಸಿದರು. ಅಪ್ಪನ ಕಣ್ಣು ಮುಚ್ಚಿಸಿ ಬಲಗೈ ಮುಟ್ಟಿದರು; ಅಪ್ಪ ಬಲ ಎಂದರು. ಎಡಗೈ ಮುಟ್ಟಿದರು; ತುಸು ತಡೆದು ಎಡ ಎಂದರು. ಎರಡನ್ನೂ ಒಟ್ಟಿಗೆ ಮುಟ್ಟಿದಾಗ ಅಪ್ಪ ಬಲ ಎಂದಷ್ಟೇ ಹೇಳಿದರು. ಆಮೇಲೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಹನ್ನೆರಡೂ ಅಂಕಿಗಳನ್ನು ಅಪ್ಪ ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ತುಂಬಿದರು. ಕೋರ್ಟಿನಲ್ಲಿ ಜೀವಮಾನವೆಲ್ಲ ಅಚ್ಚುಕಟ್ಟಾಗಿ ನಕಲು ಬರೆದ ಕೈ ಅದು. ಕೊನೆಗೆ ಹಾಲಸಿದ್ದಪ್ಪನವರು ಅಪ್ಪನ ಎಡಗೈಯನ್ನೇ ಎತ್ತಿ ಕಣ್ಣೆದುರು ಹಿಡಿದು, ಇದು ಯಾರದು ಎಂದು ಕೇಳಿದರು.

"ನಿಮ್ಮದ ಇರಬೇಕು," ಎಂದರು ಅಪ್ಪ. "ಯಾಕ, ಕಳಕೊಂಡೀರೇನು?"

"ನನ್ನವು ಎರಡೂ ಇಲ್ಲೇ ಅದಾವ್ರೀ ಸಾಹೇಬ್ರ. ಇದು ಮೂರನೇದು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಬಂದು ಅವರು ನನಗೆ ಹೇಳಿದರು: ಕಣ್ಣಿಗಾಗಲಿ ಕಿವಿಗಾಗಲಿ ದೋಷವಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದರೆ ಕೆಲವರ ಗಮನಕ್ಕೆ ಎಡಗಡೆಯದು ಯಾವುದೂ ಬರುವುದಿಲ್ಲ. "ಎಡಕ್ಕ ಇದ್ದದ್ದು ಬ್ಯಾಡ ಅಂತಲ್ರೀ ಬಾಯಾರ. ಎಡ ಅನ್ನೂದೊಂದು ಐತಿ ಅನ್ನೂದ ಅವರಿಗೆ ಗೊತ್ತಿಲ್ಲ."

ಈಗ ನೀನೇ ನೆನೆಸಿಕೋ. ಮಂಚದ ಬಲಕ್ಕೆ ಕಿಟಕಿ, ಅಲ್ಲಿ ನನ್ನ ಕುರ್ಚಿ. ಎಡಕ್ಕೆ ಅಡುಗೆಮನೆಯ ಬಾಗಿಲು. ನೀನು ಬರುತ್ತಿದ್ದದ್ದು ಆ ಕಡೆಯಿಂದ, ಕೂಡುತ್ತಿದ್ದದ್ದೂ ಆ ಕಡೆಗೇ. ತಾಟಿನಲ್ಲಿ ಉಪ್ಪು, ಹಿಂಡಿ-ಚಟ್ನಿಪುಡಿ ಬಡಿಸುವುದು ಎಡಕ್ಕೆ. ಅವರಿಗೆಂದೇ ನೀನು ಕುಟ್ಟಿದ ಅಗಸಿ ಹಿಂಡಿ ದಿನವೂ ಹಾಗೇ ಉಳಿಯುತ್ತಿತ್ತು; ಬಲಕ್ಕೆ ಬಡಿಸಿದ ನನ್ನ ಪಲ್ಯ ಖಾಲಿಯಾಗುತ್ತಿತ್ತು. "ಹಿಂಡಿ ಇಲ್ಲದ ತುತ್ತ ಎತ್ತಿದವರಲ್ಲ. ಈಗ ನನ್ನ ಕೈದು ಬ್ಯಾಡಾಗ್ಯದ," ಎಂದು ತಾಟು ತೊಳೆಯುತ್ತ ನೀನು ಅತ್ತಿದ್ದೆ.

ನಿನಗೆ ಹಾಗನ್ನಿಸಿದ್ದು ಸಹಜ. ಕಾಯಿಲೆ ಬೀಳುವ ಮುಂಚೆಯೇ ಅವರು ನಿನ್ನ ಸಂಗಡ ಮಾತು ಬಿಟ್ಟಿದ್ದರು. ನನಗೆಂದು ನೋಡಿದ್ದ ಮುಧೋಳದ ವರನ ಕಡೆಯವರಿಗೆ ನೀನು ತಮ್ಮನ್ನು ಕೇಳದೆ, ಸಂಬಂಧ ಬೇಡವೆಂದು ಹೇಳಿ ಕಳಿಸಿದೆ ಎಂಬ ಸಿಟ್ಟು. ಹಾಗೆ ಹೇಳಿ ಕಳಿಸೆಂದು ನಿನ್ನ ಕಾಲು ಹಿಡಿದವಳು ನಾನು. ನೀನು ನನ್ನ ಹೆಸರು ಎತ್ತಲಿಲ್ಲ. ಆ ಸಿಟ್ಟೇ ಇನ್ನೂ ನಡೆದಿದೆ ಎಂದು ನೀನು ತಿಳಿದೆ. ಹೊರಡುವ ಹಿಂದಿನ ಸಂಜೆ ನೀನು ಎಡಗಡೆ ನಿಂತು, "ಏನ್ರೀ, ಇತ್ತ ನೋಡ್ರಿ, ನಾ ಬಂದೀನಿ" ಎಂದು ಕರೆದೆ. ಅಪ್ಪ ಕಿಟಕಿಯತ್ತ ಹೊರಳಿ ನನಗೆ ಹೇಳಿದರು: "ಸುಲಭಾ, ಯಾರೋ ಕರದಂಗಾತು, ನೋಡವಾ."

"ನಾ ಯಾರೋ ಆಗೀನಿ ಈಗ," ಎಂದೆ ನೀನು. ಮರುದಿನ ಕೃಷ್ಣಾಜಿ ಮಾಮಾ ಬಂದು ನಿನ್ನನ್ನು ಬನಹಟ್ಟಿಗೆ ಕರೆದುಕೊಂಡು ಹೋದರು.

ಅವ್ವ, ಅಪ್ಪ ಮೊದಲು ನನ್ನ ಜೊತೆ ಎಷ್ಟು ಮಾತಾಡುತ್ತಿದ್ದರು ಹೇಳು? ನಾನು ಕಲಿಸುವ ಶಾಲೆಯ ಸುದ್ದಿಯನ್ನೂ ನಿನ್ನಿಂದಲೇ ಕೇಳಿ ತಿಳಿಯುತ್ತಿದ್ದರು. ಈಗ ನಾನು ಬಂದು ಕುರ್ಚಿಯಲ್ಲಿ ಕೂತರೆ ಅವರ ಮುಖ ಅರಳುತ್ತದೆ. ಕನ್ನಡಕ್ಕೆ ಬಂದ ರಷ್ಯನ್ ಕಾದಂಬರಿಯೊಂದನ್ನು ಓದಿ ಹೇಳುತ್ತೇನೆ. "ಇವರ ಹೆಸರ ಹೇಳಿ ಮುಗಸೂದ್ರಾಗ ಚಹಾ ಆರ್ತದಲ್ಲವಾ," ಎಂದು ನಗುತ್ತಾರೆ. ಬಲಗಡೆ ಇದ್ದೇನೆಂಬುದಷ್ಟೇ ಅದಕ್ಕೆ ಕಾರಣವೆಂದು ಗೊತ್ತಿದ್ದೂ ನನಗೆ ಆ ನಗು ಬೇಕಾಗಿತ್ತು.

ಮೊನ್ನೆ ಹಾಲಸಿದ್ದಪ್ಪನವರು ನನ್ನ ಕುರ್ಚಿ ನೋಡಿ ರೇಗಿದರು. "ಬಾಯಾರ, ನೀವು ಇಲ್ಲೇ ಠಿಕಾಣಿ ಹೂಡಿದ್ರ ಅವರು ಅತ್ತ ಯಾಕ ಹೊಳ್ಳತಾರ?" ಎಡಗಡೆಯಿಂದಲೇ ಮಾತಾಡಿಸಬೇಕು. ಬಲಗೈಯಿಂದ ಎಡಗೈಯನ್ನು ಹುಡುಕಿಸಿ ಮುಟ್ಟಿಸಬೇಕು. ಕೂಡಿಸಿದಾಗ ಮೈಭಾರ ಎಡಕ್ಕೂ ಬೀಳಬೇಕು. ಕುತ್ತಿಗೆ ತಾನಾಗಿ ಹೊರಳುವವರೆಗೆ ಬೇಸರಿಸದೆ ಕರೆಯುತ್ತಿರಬೇಕು. ಈ ಕೆಲವು ತಿಂಗಳು ಕಳೆದರೆ ಕಷ್ಟವಂತೆ. ಎಡಗಾಲು ತನ್ನದೆಂದೇ ತಿಳಿಯದವರು ಅದರ ಮೇಲೆ ನಿಲ್ಲುವುದು ಹೇಗೆ?

ನಿನ್ನೆ ರವಿವಾರ ಅಲ್ಲದಿದ್ದರೂ ರಜೆ ಹಾಕಿ ಎಡಗಡೆ ಕೂತು ಕರೆದೆ. ಅಪ್ಪ ಹೊರಳಲಿಲ್ಲ. ಸಂಜೆ, ಬಲಗಡೆ ದೀಪ ಹಚ್ಚಲು ಹೋದಾಗ ನನ್ನನ್ನು ಕಂಡು, ನಿನ್ನ ಹೆಸರು ಹಿಡಿದು ಕೇಳಿದರು: "ಅಲಕಾ ಎಲ್ಲಿದ್ದಾಳ? ನಾ ಮಲಕೊಂಡಾಗಿಂದ ಒಮ್ಮೆನೂ ಹತ್ರ ಬಂದು ಕೂತಿಲ್ಲ. ಆಕಿಗೆ ಇನ್ನೂ ಸಿಟ್ಟೇನು?" ಮೊದಲೂ ಕೇಳಿದ್ದರು. ಒಳಗೆ ಕೆಲಸದಲ್ಲಿದ್ದಾಳೆ ಎಂದು ಮಾತು ತೇಲಿಸಿದ್ದೆ. ನಿನ್ನೆ ಹಾಗೆ ಹೇಳಲಾಗಲಿಲ್ಲ.

ಬಾ, ಅವ್ವ. ಅವರು ಯಾರಿಗಾದರೂ ಹೊರಳಿದರೆ ನಿನಗೇ ಹೊರಳುತ್ತಾರೆ. ಎಷ್ಟು ದಿನ ಹಿಡಿದೀತು ಎಂದು ಯಾರೂ ಹೇಳಲಾರರು. ಬರಲು ಮನಸ್ಸಾಗದಿದ್ದರೂ ಅಪ್ಪನ ಮೇಲೆ ಮುನಿಸು ಇಟ್ಟುಕೊಳ್ಳಬೇಡ.

ಇಂತು ನಿನ್ನ ಮಗಳು,
ಸುಲಭಾ

ತಾ.ಕ.: ಇದನ್ನು ಪತ್ರದ ಒಳಗೆ, ಸಹಿಯ ಮೇಲೆ ಬರೆಯುವ ಧೈರ್ಯವಾಗಲಿಲ್ಲ. ಗಡಿಯಾರ ಬರೆಸಿದ ದಿನ ನೀನಿನ್ನೂ ಮನೆಯಲ್ಲೇ ಇದ್ದೆ. ಹಿತ್ತಲಲ್ಲಿ ಅಪ್ಪನ ಹೊದಿಕೆ ಒಗೆಯುತ್ತಿದ್ದೆ. "ತಾಯಾರಿಗೂ ಹೇಳ್ರಿ," ಎಂದು ಹೇಳಿ ಹಾಲಸಿದ್ದಪ್ಪನವರು ಹೋದರು. ಹೇಳುತ್ತೇನೆ ಎಂದೆ ನಾನು. ಅಪ್ಪ 'ಯಾರೋ' ಎಂದದ್ದು ಅದೇ ಸಂಜೆ. ಮರುದಿನ ನಿನ್ನ ಟ್ರಂಕಿನ ಒಂದು ಬದಿ ಹಿಡಿದು ಟಾಂಗಾಕ್ಕೆ ಏರಿಸಿದವಳೂ ನಾನೇ.