ಏರಿಯ ಮೇಲೆ ನಿನ್ನ ಕಾರಿನ ಮುಂದೆ

ಯತಿರಾಜನಿಗೆ,

ಕಾಗದದ ಮೊದಲಿಗೆ ನಾವು ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ ಎಂದು ಬರೆಯಲು ಸ್ಕೂಲಿನಲ್ಲಿ ಕಲಿಸಿದ್ದರು. ಅದನ್ನು ಬರೆಯುತ್ತಿಲ್ಲ. ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ತಿಳಿಯುವ ಆಸೆಯೂ ನನಗಿಲ್ಲ. ನಿನ್ನೆ ಬೆಳಿಗ್ಗೆ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ ನನ್ನ ಹಿಂದೆ ನಡೆದು ಬಂದೆಯಲ್ಲ, ಆಗ ನೀನು ಆಡಿದ ಮಾತಿಗೆ ಇದು ಉತ್ತರ. ಅಲ್ಲೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಎಂಟನೇ ಕ್ಲಾಸಿನವರೆಗೆ ಕನ್ನಡ ಓದಿದವಳು ನಾನು, ದಿನಕ್ಕೆ ನಾಲ್ಕು ಸಾಲು ನೋಟುಪುಸ್ತಕದಲ್ಲಿ ಬರೆದಿಡುವವಳು. ನನಗೆ ಬರೆದರೇ ಸಲೀಸು.

ಹೋದ ವರ್ಷ ಶ್ರಾವಣದ ಆ ಭಾನುವಾರ ಸಂಜೆ ನೀನು ಹೊಸೂರಿನಿಂದ ಹೊಸ ಕಾರು ತಂದೆ. ಏರಿಯ ನಡುವಿನ ಮುನೇಶ್ವರನ ಕಲ್ಲಿನ ಮುಂದೆ ಪೂಜೆ ಮಾಡಿಸಿದೆ. ನಾನೂ ನಮ್ಮ ಮನೆಯವರೂ ಬಂದಿದ್ದೆವು. ಬೂದುಗುಂಬಳಕ್ಕೆ ಕುಂಕುಮ ತುಂಬಿ, ಕಾರಿಗೆ ಮೂರು ಸುತ್ತು ದೃಷ್ಟಿ ತೆಗೆದು, ರಸ್ತೆಗೆ ಅಪ್ಪಳಿಸಿದೆ. ಎಡಗಡೆ ಅಂಚಿನ ತುಂಬ ಹೋಳು ಚೆಲ್ಲಿದವು. ನಮ್ಮೂರಿನಲ್ಲಿ ಒಡೆದವರೇ ಅದನ್ನು ಬದಿಗೆ ಸರಿಸುವುದು ರೂಢಿ. ನಿಮ್ಮಪ್ಪ ಟ್ರ್ಯಾಕ್ಟರ್ ತಂದಾಗ ಸಲಿಕೆಯಲ್ಲಿ ಎಳೆದು ಒಂದು ಚೂರೂ ಬಿಡದೆ ಕೆಳಗೆ ಹಾಕಿದ್ದರು.

ನಮ್ಮ ಮನೆಯವರು ನಿನಗೆ ಹೇಳಿದರು, “ಲೇ ಯತಿರಾಜ, ಅದ್ನ ಪಕ್ಕಕ್ಕೆ ತಳ್ಬುಡ್ಲಾ, ಬೆಳಿಗ್ಗೆ ಜನ ಓಡಾಡ್ತಾರೆ.”

ನೀನು ನಗುತ್ತಾ, “ಒಡೆದ್ಮೇಲೆ ತಿರುಗಿ ನೋಡ್ಬಾರ್ದು ಮಾವ, ದೃಷ್ಟಿ ವಾಪಸ್ ಕಾರ್‌ಗೇ ಬತ್ತದೆ” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೊಬ್ಬರು ದೃಷ್ಟಿ ತೆಗೆದದ್ದನ್ನು ನಾವು ಮುಟ್ಟುವುದಿಲ್ಲ, ದಾಟುವುದಿಲ್ಲ. ಅದು ಅಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಅವರು ಸೈಕಲ್ಲಿಗೆ ಕೊತ್ತಂಬರಿ ಸೊಪ್ಪಿನ ಮೂಟೆ ಕಟ್ಟಿಕೊಂಡು ಕೆಲಮಂಗಲದ ಮಾರ್ಕೆಟ್ಟಿಗೆ ಹೊರಟರು. ನಾನು ಚಿಕ್ಕ ಗಂಟು ತಲೆಯ ಮೇಲೆ ಹೊತ್ತು ಹಿಂದೆ ನಡೆಯುತ್ತಿದ್ದೆ. ನಿನ್ನ ಹಾರ್ನ್ ನನಗೆ ಮೊದಲು ಕೇಳಿಸಿತು. ನಾನು ಅಂಚಿಗೆ ಸರಿಯುವುದರೊಳಗೆ ನಿನ್ನ ಕನ್ನಡಿ ನನ್ನ ಮೊಣಕೈಗೆ ತಗುಲಿತು, ಗಂಟು ಬಿತ್ತು. ನೀನು ನಿಲ್ಲಿಸಲಿಲ್ಲ. ಫ್ಯಾಕ್ಟರಿಗೆ ಹೊಸ ಕಾರಿನಲ್ಲಿ ಹೋಗುವ ಮೊದಲ ದಿನ ಅದು. ಅವರು ಎಡಗಡೆಯ ಅಂಚಿನಲ್ಲೇ ಹೋಗುತ್ತಿದ್ದರು. ಕುಂಬಳದ ಹೋಳು ಎದುರಾಯಿತು. ಒಂದು ಮೊಳ ಬಲಕ್ಕೆ ತಿರುಗಿಸಿದರು. ಹಾರ್ನ್ ನಿಲ್ಲಲೇ ಇಲ್ಲ, ಹಾಗೇ ಒತ್ತಿದಂತೆಯೇ ಇತ್ತು. ಆಮೇಲೆ ಕಾರು ಗುದ್ದಿದ ರಭಸಕ್ಕೆ ಅವರು ಏರಿಯ ಕಲ್ಲುಗಳ ಮೇಲೆ ಕೆಳಗೆ ಉರುಳಿದರು. ನಾನು ಇಳಿದು ಹೋಗುವಷ್ಟರಲ್ಲಿ ಉಸಿರಿರಲಿಲ್ಲ. ಸೊಪ್ಪು ಮಾತ್ರ ನೀರಿನ ಮೇಲೆ ತೇಲುತ್ತಿತ್ತು.

ಠಾಣೆಯಲ್ಲಿ ಅವರ ಹೆಸರು ಕೇಳಿದರು. ಮೂವತ್ತೊಂದು ವರ್ಷ ಗಂಡನ ಹೆಸರು ಹೇಳದ ಬಾಯಿ ಅವತ್ತೂ ಹೇಳಲಿಲ್ಲ. ಚೀಟಿಯ ಮೇಲೆ ಬರೆದುಕೊಟ್ಟೆ. ಆಮೇಲೆ ಸಾಹೇಬರು ತಮಿಳಿನಲ್ಲಿ, ಸೈಕಲ್ಲು ಬಲಕ್ಕೆ ತಿರುಗಿತಾ ಎಂದು ಕೇಳಿದರು. “ಆಮಾ ಸಾರ್” ಎಂದು ಒಪ್ಪಿಕೊಂಡೆ. ಯಾಕೆ ತಿರುಗಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಡೆದ ಕುಂಬಳಕಾಯಿ ದಾಟಬಾರದೆಂದು ತಿರುಗಿದರು ಎಂದರೆ ಆ ದೊಡ್ಡ ಮೇಜಿನ ಆ ಕಡೆ ಕೂತವರು ನಗುತ್ತಾರೆ ಅನ್ನಿಸಿತು. ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು, ನನಗೆ ಮಾನದ ಚಿಂತೆ! ಅವರು ತಮಿಳಿನಲ್ಲಿ ಬರೆದುಕೊಂಡರು, ನಾನು ಕನ್ನಡದಲ್ಲಿ ಸಹಿ ಹಾಕಿದೆ. ಸೈಕಲ್ಲು ಏಕಾಏಕಿ ಅಡ್ಡ ಬಂತು, ಅಷ್ಟೇ ದಾಖಲಾಯಿತು. ನೀನು ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಕುಂಬಳದ ಹೋಳು ಅಲ್ಲೇ ಬಿದ್ದದ್ದು ನಿನಗೆ ಗೊತ್ತಿತ್ತು, ತಲೆ ಎತ್ತಲಿಲ್ಲ.

ತಿಥಿ ಮುಗಿಯುವುದರೊಳಗೆ ಟೀ ಅಂಗಡಿಯಲ್ಲಿ ಕಥೆ ಗಟ್ಟಿಯಾಗಿತ್ತು. “ವಯಸ್ಸಾದ್ಮೇಲೆ ಸೈಕಲ್ ಯಾಕ್ ಬೇಕಿತ್ತು?” “ಕಿವಿ ಮಂದ ಇತ್ತಂತೆ.” “ಕಾರೋನು ಏನ್ ಮಾಡ್ತಾನೆ, ಹಾರ್ನ್ ಹೊಡ್ದವ್ನೆ.” ನಲವತ್ತು ವರ್ಷ ಆ ಏರಿಯ ಮೇಲೆ ಒಂದು ಕೋಳಿಗೂ ತಾಗಿಸದೆ ಸೈಕಲ್ ತುಳಿದ ಮನುಷ್ಯ ಊರಿನ ಬಾಯಲ್ಲಿ ರಸ್ತೆ ಗೊತ್ತಿಲ್ಲದವನಾದ. ಪ್ರಾಣ ಹೋದದ್ದು ಒಂದು ಸಲ. ಹೆಸರು ದಿನಾ ಹೋಗುತ್ತಿತ್ತು.

ಆಮೇಲಿನದು ನಿನಗೇ ಗೊತ್ತು. ಸೈಕಲ್ಲಿನ ಹಿಂದಿನ ಚಕ್ರ ನಾನೇ ರಿಪೇರಿ ಮಾಡಿಸಿದೆ. ತುಳಿಯಲು ನನಗೆ ಬರುವುದಿಲ್ಲ, ತಳ್ಳಲು ಬರುತ್ತದೆ. ಬೆಳಿಗ್ಗೆ ಏಳು ಹತ್ತಕ್ಕೆ ನಿನ್ನ ಕಾರು ಏರಿಗೆ ಹತ್ತುವ ಹೊತ್ತಿಗೆ ಸರಿಯಾಗಿ ನಾನು ಸೈಕಲ್ ಹಿಡಿದು ರಸ್ತೆಯ ನಡುವೆ ನಡೆಯುತ್ತೇನೆ. ಅರ್ಧ ಕಿಲೋಮೀಟರ್. ಎಡಕ್ಕೆ ಕೆರೆ, ಬಲಕ್ಕೆ ಗದ್ದೆಯ ಇಳಿಜಾರು. ನಾನು ಬಿಡದೆ ನೀನು ಮುಂದೆ ಹೋಗಲಾರೆ. ಮೊದಲ ದಿನ ಹಾರ್ನ್ ಹೊಡೆದೆ. ನಾನು ನಿಂತು ತಿರುಗಿ ನಿನ್ನ ಮುಖ ನೋಡಿದೆ. ಮತ್ತೆ ಎಂದೂ ಹೊಡೆಯಲಿಲ್ಲ. ಬೇರೆಯವರಿಗೆ ನಾನು ತೊಂದರೆ ಕೊಟ್ಟಿಲ್ಲ. ಹಾಲಿನ ಟೆಂಪೋದ ಮಾದೇಶ್ ಒಂದು ದಿನ, “ಅಕ್ಕಾ, ನಂಗಾದ್ರೂ ದಾರಿ ಬುಡಕ್ಕಾ, ಹಾಲು ಒಡ್ದೋಯ್ತದೆ” ಅಂದ. ಅವನಿಗೆ ಬಿಡಲೆಂದು ಅಗಲವಿದ್ದ ಕಡೆ ಸರಿದು ನಿಂತೆ. ಅವನ ಬೆನ್ನಿಗೇ ನೀನು ನುಗ್ಗಲು ನೋಡಿದಾಗ ಮತ್ತೆ ನಡುವೆ ಬಂದೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನಿನಗೆ, “ಏನ್ ಸಾರ್, ದಿನಾ ಮೆರವಣಿಗೆನಾ? ಓಲಗ ಒಂದ್ ಕಮ್ಮಿ ನೋಡಿ” ಅಂದನಲ್ಲ, ನಿನ್ನ ಕಿವಿ ಕೆಂಪಾಯಿತು. ಸುಳ್ಳು ಯಾಕೆ ಹೇಳಲಿ, ಮನೆಗೆ ಬಂದು ಅವತ್ತು ಹೊಟ್ಟೆ ತುಂಬ ಮುದ್ದೆ ಉಂಡೆ.

ನೋಟುಪುಸ್ತಕದಲ್ಲಿ ಎಲ್ಲ ಇದೆ. ಗಾಜು ಏರಿಸಿಕೊಂಡು ಬಂದ ದಿನ. ಅರ್ಧ ಗಂಟೆ ಮುಂಚೆ ಹೊರಟ ದಿನ. ಮಾರನೇ ದಿನ ನಾನೂ ಮುಂಚೆ ಹೊರಟಿದ್ದೆ. ಕಾಡಂಚಿನ ಸುತ್ತುದಾರಿ ಹಿಡಿದು ಎರಡು ವಾರ ಕಾಣದೆ ಹೋದದ್ದು, ಅಲ್ಲಿ ಪೈಪು ಹಾಕಲು ರಸ್ತೆ ಅಗೆದಾಗ ವಾಪಸು ಬಂದದ್ದು. ತಡವಾಗಿ ಹೋದದ್ದಕ್ಕೆ ಫ್ಯಾಕ್ಟರಿಯಲ್ಲಿ ನಿನಗೆ ಮೆಮೋ ಕೊಟ್ಟರಂತೆ. ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ನಿಮ್ಮಮ್ಮ ನರಸಮ್ಮ ನಮ್ಮ ಜಗುಲಿಗೆ ಬಂದು ಕೂತರು. “ಅತ್ಗೆ, ನನ್ ಮಗ ಕೆಲ್ಸ ಕಳ್ಕಂಡ್ರೆ ಹೋದೋರು ಎದ್ದು ಬತ್ತಾರಾ?” ಅಂದರು.

“ಬರಾಕಿಲ್ಲ. ನಂಗೂ ಗೊತ್ತು” ಅಂದೆ.

“ಮತ್ತೆ ಯಾಕಮ್ಮಾ ಈ ಹಟ?”

“ಹೋದೋರ ಹೆಸರು ಎದ್ದು ಬರ್ಲಿ ಅಂತ.”

ಅವರಿಗೆ ಅರ್ಥವಾಗಲಿಲ್ಲ. ಕೊಟ್ಟ ಕಾಫಿ ಕುಡಿಯದೆ ಹೋದರು.

ಇನ್ನು ನಿನ್ನೆಯ ಮಾತು. ನೀನು ನನ್ನ ಪಕ್ಕ ಬಂದು ಸೈಕಲ್ಲಿನ ಸೀಟಿನ ಮೇಲೆ ಕೈ ಇಟ್ಟೆ. ಬಿಕ್ಕುತ್ತಾ ಹೇಳಿದೆ, “ಅತ್ತೆ, ಮಾವ ತಿರುಗಿದ್ದು ನಂಗೆ ಕಾಣ್ತು. ಬ್ರೇಕ್ ಹಾಕ್ಬೋದಿತ್ತು. ಹಾರ್ನ್ ಹೊಡ್ದ್ರೆ ಅವ್ರೇ ಪಕ್ಕಕ್ಕೆ ಹೋಯ್ತಾರೆ ಅನ್ಕಂಡೆ.”

ಇದು ನನಗೆ ಗೊತ್ತಿರಲಿಲ್ಲ ಯತಿರಾಜ. ನೀನು ನೋಡಲಿಲ್ಲ, ಅವಸರದಲ್ಲಿದ್ದೆ, ಹೊಸ ಕಾರು ಕೈಗೆ ಕೂತಿರಲಿಲ್ಲ, ಹೀಗೆ ಏನೇನೋ ಅಂದುಕೊಂಡಿದ್ದೆ. ಹತ್ತು ತಿಂಗಳ ಹಟದ ಮಧ್ಯೆಯೂ ಎಲ್ಲೋ ಒಂದು ಕಡೆ ನಿನ್ನ ಪರವಾಗಿ ನಾನೇ ಹುಡುಕಿಟ್ಟಿದ್ದ ನೆಪ ಅದು. ನೀನೇ ಕಿತ್ತು ಹಾಕಿದೆ. ನಿನಗೆ ಅವರು ಕಂಡರು. ಕಂಡ ಮೇಲೆ ನಿನ್ನ ಕಾಲು ಅಲುಗಲಿಲ್ಲ, ಕೈ ಮಾತ್ರ ಹಾರ್ನಿನ ಮೇಲೆ ಹೋಯಿತು. ದಾರಿ ಬಿಡಬೇಕಾದವನು ಸೈಕಲ್ಲಿನವನೇ ಎಂದು ನಿನ್ನ ಕೈಗೆ ಮೊದಲೇ ಗೊತ್ತಿತ್ತು.

ಆಮೇಲೆ ಕಾಲಿಗೆ ಬಿದ್ದೆ. ಬಿದ್ದವನು ಏಳುವ ಮೊದಲೇ, “ಇದು ನಮ್ಮಿಬ್ಬರ ಮಧ್ಯೆ ಇರ್ಲಿ ಅತ್ತೆ, ಕೇಸಲ್ಲಿ ಬಂದ್ರೆ ಲೈಸೆನ್ಸು ಹೋಯ್ತದೆ, ಕೆಲ್ಸಾನೂ ಹೋಯ್ತದೆ” ಅಂದೆ. ಅಳು ನಿಜ ಇರಬಹುದು. ಆದರೆ ನೀನು ಅತ್ತದ್ದು ಯಾರೂ ಇಲ್ಲದ ಕಡೆ. ಅವರ ಮೇಲೆ ತಪ್ಪು ಬಿದ್ದದ್ದು ಎಲ್ಲರ ಮುಂದೆ.

ಆ ಅಪಘಾತದ ಕೇಸಿಗೆ ಕೃಷ್ಣಗಿರಿ ಕೋರ್ಟಿನಲ್ಲಿ ಹದಿನೆಂಟನೇ ತಾರೀಖು ನಿನ್ನ ಸಾಕ್ಷಿ ಇದೆ. ನನ್ನದೂ ಇದೆ. ಠಾಣೆಯಲ್ಲಿ ನಾಚಿಕೆಪಟ್ಟು ನುಂಗಿದ ಅರ್ಧ ಮಾತನ್ನು ನಾನು ಅಲ್ಲಿ ಹೇಳುತ್ತೇನೆ, ನಗುವವರು ನಗಲಿ. ಉಳಿದ ಅರ್ಧ ನಿನ್ನ ಹತ್ತಿರ ಇದೆ. ಕುಂಬಳಕಾಯಿ ಒಡೆದವನು ನಾನು, ಸರಿಸು ಎಂದರೂ ಸರಿಸಲಿಲ್ಲ, ಅವರು ತಿರುಗಿದ್ದು ಕಂಡರೂ ಬ್ರೇಕ್ ಹಾಕಲಿಲ್ಲ ಎಂದು ಹೇಳು. ತಮಿಳಿನಲ್ಲೇ ಹೇಳು, ಬರೆದುಕೊಳ್ಳುವವರಿಗೆ ತಪ್ಪಾಗುವುದು ಬೇಡ. ಲೈಸೆನ್ಸು ಹೋದರೆ ಹೋಗಲಿ. ಕೆಲಸ ಹೋದರೆ ಹೋಗಲಿ. ನೀನು ನಡೆದು ಹೋಗುವುದನ್ನು ನಾನು ಜಗುಲಿಯ ಮೇಲೆ ಕೂತು ನೋಡುತ್ತೇನೆ.

ಹೇಳಿದರೆ ಹತ್ತೊಂಬತ್ತನೇ ತಾರೀಖಿನಿಂದ ಏರಿ ನಿನಗೆ ಬಿಟ್ಟಿದ್ದು. ಕ್ಷಮಿಸುತ್ತೇನೆ ಎಂದು ತಿಳಿಯಬೇಡ. ದಾರಿ ಬಿಡುತ್ತೇನೆ, ಅಷ್ಟೇ. ಹೇಳದಿದ್ದರೆ ನೀನು ಆ ಫ್ಯಾಕ್ಟರಿಯಲ್ಲಿ ಇರುವಷ್ಟು ದಿನವೂ ಬೆಳಿಗ್ಗೆ ನಿನ್ನ ಮುಂದೆ ನಾನಿರುತ್ತೇನೆ. ನನ್ನ ಮೊಣಕಾಲುಗಳು ಇನ್ನೂ ಗಟ್ಟಿ ಇವೆ.

ವಯಸ್ಸಿನಲ್ಲಿ ದೊಡ್ಡವಳು, ಹರಸದೆ ಕಾಗದ ಮುಗಿಸಬಾರದು. ನಿನ್ನ ಆಯಸ್ಸು ಗಟ್ಟಿಯಾಗಿರಲಿ ಯತಿರಾಜ. ಕಣ್ಣು ಮಂಜಾಗದಿರಲಿ, ಕಿವಿ ಮಂದವಾಗದಿರಲಿ, ಕಂಡದ್ದು ಯಾವುದೂ ನಿನಗೆ ಮರೆತುಹೋಗದಿರಲಿ.

ನಾಳೆ ಏಳು ಹತ್ತಕ್ಕೆ ಸಿಗುತ್ತೇನೆ.

ಸುಗುಣಾ
ಹನುಮಂತರಾಯಪ್ಪನವರ ಹೆಂಡತಿ