ಹಳೆಯ ಅಳತೆ

ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನೀನು ಸುಖವಾಗಿದ್ದೀಯಾ ಎಂದು ದಿನಾ ಕರ್ತನನ್ನು ಕೇಳುತ್ತೇನೆ. ಕೇಳಬೇಕಾದದ್ದು ನಿನ್ನನ್ನು, ಅದಕ್ಕೆ ಧೈರ್ಯ ಸಾಲದು. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಯಾರಾದರೂ ಬಟ್ಟೆ ಹಿಡಿದು ಬರುತ್ತಾರೆ ಎಂದು ನೆಪ ಹೇಳಬಹುದು. ನಿಜವಾಗಿ ಕೈ ಬರಲಿಲ್ಲ, ಕ್ಷಮಿಸು.

ಹೊಲಿಗೆ ಯಂತ್ರ ನನ್ನಂತೆಯೇ ಕಿರುಗುಟ್ಟುತ್ತಾ ನಡೆದಿದೆ. ನಿನ್ನ ಅಕ್ಕ ಮೊನ್ನೆ ಬಂದಿದ್ದಳು. ಗಂಡನ ಮೇಲೆ ಎರಡು ದಿನ ದೂರು ಹೇಳಿದಳು. ಮೂರನೆಯ ದಿನ ಅವನು ಫೋನ್ ಮಾಡಿದ್ದೇ ತಡ, ಚೀಲ ಹಿಡಿದು ಓಡಿದಳು.

ನಿನ್ನ ಕೋಣೆಯಲ್ಲಿ ಈಗ ಒಬ್ಬ ಹುಡುಗಿ ಇದ್ದಾಳೆ. ಬಟ್ಟೆ ಅಂಗಡಿಯಲ್ಲಿ ಕೆಲಸ, ಮದುವೆಯಾಗಿಲ್ಲ, ಏಳು ತಿಂಗಳು ತುಂಬಿದೆ. ಮೂರನೆಯ ತಿಂಗಳಲ್ಲಿ ಮಗು ತೆಗೆಸಲು ಹೊರಟಿದ್ದವಳನ್ನು ನಮ್ಮ ಚರ್ಚಿನ ಸಭೆಯ ನರ್ಸಮ್ಮ ಸಮಾಧಾನ ಮಾಡಿ ಇಲ್ಲಿಗೆ ಕರೆತಂದಳು. ಹುಡುಗಿ ಬಾಗಿಲಲ್ಲೇ ನಿಂತು ಕೇಳಿದಳು: "ಆಂಟಿ, ಮಗು ಬೇಕು ಅಂತ ಎಲ್ರೂ ಹೇಳ್ತೀರಿ. ನಾನು ಯಾರಿಗೆ ಬೇಕು?" ಹುಟ್ಟದ ಕೂಸುಗಳ ಪರವಾಗಿ ಇಪ್ಪತ್ತು ವರ್ಷ ಸಭೆಯಲ್ಲಿ ಮಾತಾಡಿದವಳು ನಾನು. "ಮೊದ್ಲು ಒಳಗೆ ಬಾ, ಊಟ ಮಾಡು" ಅಂದೆ.

ಪಾಸ್ಟರ್ ಈ ಸಲದ ಕೂಟದಲ್ಲೂ ನನಗೇ ಮಾತಾಡಲು ಹೇಳಿದರು. ಗರ್ಭದಲ್ಲಿರುವುದು ಕರ್ತನು ಕೊಟ್ಟ ಜೀವ, ಅದನ್ನು ತೆಗೆಯುವ ಹಕ್ಕು ನಮಗಿಲ್ಲ. ಇದನ್ನು ಸಾಯುವವರೆಗೂ ನಂಬುತ್ತೇನೆ. ಆದರೂ ಆಗುವುದಿಲ್ಲ ಎಂದೆ.

"ಯಾಕಮ್ಮ?"

"ಮಂಡಿ ನೋವು, ನಿಂತ್ಕೊಳ್ಳೋಕಾಗಲ್ಲ."

ಪಾಪದ ಮೇಲೊಂದು ಸುಳ್ಳು.

ಆ ಹುಡುಗಿಯೂ ನಿನ್ನ ಹಾಗೆ ಸಕ್ಕರೆ ಡಬ್ಬದ ಮುಚ್ಚಳ ಹಾಕುವುದಿಲ್ಲ. ಬೈಯಲು ಬಾಯಿ ತೆರೆದರೆ ನಿನ್ನ ಹೆಸರೇ ಬರುತ್ತದೆ. ನೀನು ಹೋಗಿ ಆರು ವರ್ಷವಾಯಿತು. ನಿನ್ನನ್ನು ಒಮ್ಮೆ ನೋಡಬೇಕು ಮಗಳೇ. ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಯುತ್ತದೆ.

ನೀನಿರುವ ಕಡೆ ಕರ್ತನ ಕಾವಲಿರಲಿ, ನಿನ್ನ ಕಣ್ಣಿಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ
ಅಮ್ಮ

ತಾ.ಕ.: "ಅಮ್ಮಾ, ನನ್ನ ಪಾಪ ಕ್ಷಮಿಸಿದೆಯಾ?" ಎಂದು ನೀನು ಕಾಗದದಲ್ಲಿ ಬರೆದಿದ್ದೆ. ಅದಕ್ಕೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ಅಕ್ಕನ ಮದುವೆಗೆಂದು ನಿನ್ನ ಗೌನಿನ ಅಳತೆ ತೆಗೆದ ದಿನ, ಸೊಂಟದಲ್ಲಿ ಟೇಪು ಎರಡು ಇಂಚು ಹೆಚ್ಚು ತೋರಿಸಿತು. ಮೂವತ್ತು ವರ್ಷ ಹೊಲಿದವಳಿಗೆ ಗೊತ್ತಾಗದೆ ಇರುತ್ತದೆಯೇ? ನೀನು ಏನೋ ಹೇಳಹೊರಟೆ. ಬೀಗರ ಮುಖ ಕಣ್ಮುಂದೆ ಬಂತು, ನಾನು ಹೇಳಗೊಡಲಿಲ್ಲ. "ಹಳೇ ಅಳತೆಗೇ ಹೊಲೀತೀನಿ. ಮದುವೆ ಹೊತ್ತಿಗೆ ಸರಿಯಾಗಿ ಕೂರ್ಬೇಕು" ಅಂದೆ. ಮದುವೆಯ ದಿನ ಗೌನು ನಿನಗೆ ಸರಿಯಾಗಿ ಕೂತಿತು. ಬಂದವರೆಲ್ಲ ನನ್ನ ಹೊಲಿಗೆಯನ್ನು ಹೊಗಳಿದರು. "ಎಲ್ಲಾ ಕರ್ತನ ದಯೆ" ಅಂದೆ, ನಿನ್ನ ಎದುರಿಗೇ.