ಮೂರನೆಯ ಕೂಗು

ಆಥರ್ಟನ್ ಬೆಟ್ಟಸಾಲು, ಕ್ವೀನ್ಸ್‌ಲೆಂಡ್, ಆಸ್ಟ್ರೇಲಿಯಾ
ಅಕ್ಟೋಬರ್ 26, ಶನಿವಾರ

ನನ್ನ ಅಮ್ಮೀಜಾನ್‌ಗೆ ಅಸ್ಫಿಯಾಳ ಸಲಾಮು.

ನಾನು ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಮುಂದಿನದನ್ನು ಓದದೆ, ನಿನ್ನ ತಂಗಿ ನಾಹಿದ ಖಾಲಾಳ ಕೈಗೆ ಫೋನು ಕೊಟ್ಟು ಅಳುತ್ತ ಕೂಡುತ್ತೀ. ಉಣ್ಣುತ್ತೇನೆ, ಮಲಗುತ್ತೇನೆ, ಇಲ್ಲಿಯ ಜಿಗಣೆಗಳಿಗೆ ದಿನಾಲೂ ಒಂದಿಷ್ಟು ರಕ್ತದಾನ ಮಾಡುತ್ತೇನೆ. ಶಹಾಬಾದಿನ ಬಿಸಿಲಲ್ಲಿ ಬೆಳೆದ ರಕ್ತ ಅವಕ್ಕೆ ಭಾಳ ರುಚಿಸಿದಂತಿದೆ.

ಮಾತಾಡುವುದು ಬಿಟ್ಟು ಹಾಳೆ ತುಂಬ ಬರೆಯುತ್ತಿರುವುದೇಕೆ ಎಂದು ನೀನು ಕೇಳಬಹುದು. ಈ ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ, ಪೇಟೆಗೆ ಹೋದಾಗ ಹಾಳೆಗಳ ಫೋಟೋ ಕಳಿಸುತ್ತೇನೆ. ನಿಜವಾದ ಕಾರಣ ಬೇರೆ. ಇಲ್ಲಿ ಬಾಯಿಬಿಟ್ಟು ಮಾತಾಡಲು ನನಗೆ ಹೆದರಿಕೆಯಾಗುತ್ತಿದೆ.

ಹೈದರಾಬಾದಿನ ಕಾಲೇಜಿನಿಂದ ಒಂದು ಸೆಮಿಸ್ಟರಿಗೆ ನಾನು ಇಲ್ಲಿಗೆ ಆಯ್ಕೆಯಾದಾಗ ನೀನು ಓಣಿಯಲ್ಲೆಲ್ಲ "ಮಗಳು ಕಾಡು ಓದಲಿಕ್ಕೆ ಹೊಂಟಾಳ" ಎಂದು ಹೇಳಿಕೊಂಡು ತಿರುಗಿದ್ದೆ. ಸರಿಯಾಗಿಯೇ ಹೇಳಿದ್ದೆ. ಇಲ್ಲಿ ಕ್ಲಾಸಿನಲ್ಲಿ ಕೂಡುವುದು ಕಡಿಮೆ. ಬೆಳಗಾದರೆ ರಬ್ಬರ್ ಬೂಟು ಹಾಕಿಕೊಂಡು ಮಳೆಕಾಡಿನೊಳಗೆ ಹೋಗಬೇಕು, ಒಬ್ಬೊಬ್ಬರು ಒಂದೊಂದು ಜೀವದ ಬೆನ್ನು ಹತ್ತಿ ನೋಡುತ್ತ ಕೂಡಬೇಕು. ನಮಗೆ ಕಲಿಸುವ ಮಾರ್ಗರೆಟ್ ಮೇಡಂ ನನಗೆ ಕೊಟ್ಟದ್ದು ಒಂದು ಹಕ್ಕಿ.

ಪಾರಿವಾಳಕ್ಕಿಂತ ತುಸು ಚಿಕ್ಕದು, ಮಣ್ಣಿನ ಬಣ್ಣ, ಕೊಕ್ಕಿನ ಅಂಚಿಗೆ ಗರಗಸದ ಹಲ್ಲು. ಗಂಡುಹಕ್ಕಿ ನೆಲದ ಮೇಲೆ ತನಗೊಂದು ಅಂಗಳ ಮಾಡಿಕೊಳ್ಳುತ್ತದೆ. ಬೆಳಗ್ಗೆ ಕಸಕಡ್ಡಿ ಎತ್ತಿಹಾಕಿ, ಹಸಿ ಎಲೆಗಳನ್ನು ಕೊಕ್ಕಿನಿಂದ ಕೊಯ್ದು ತಂದು ಹಾಸುತ್ತದೆ. ಎಲ್ಲವನ್ನೂ ಬೋರಲಾಗಿ: ಹಸಿರು ಮುಖ ಕೆಳಗೆ, ಬಿಳಿಚಿದ ಬೆನ್ನು ಮೇಲೆ. ನಾವು ಒಂದು ಎಲೆ ತಿರುವಿಟ್ಟರೆ ಬಂದು ಸರಿ ಮಾಡಿ ಹೋಗುತ್ತದೆ. ನೋಡಿದಾಗಲೆಲ್ಲ ನೀನು ಫರಸಿಕಲ್ಲು ಹಾಸಿದ ನಮ್ಮ ಅಂಗಳ ಗುಡಿಸುವುದು ನೆನಪಾಗುತ್ತಿತ್ತು. ಆಮೇಲೆ ಮೇಲಿನ ಕೊಂಬೆಯಲ್ಲಿ ಕೂತು ಹೆಣ್ಣನ್ನು ಕರೆಯುತ್ತದೆ. ಸ್ವಂತ ದನಿಗಿಂತ ಕದ್ದ ದನಿಗಳೇ ಹೆಚ್ಚು, ಸುತ್ತಲಿನ ಹಕ್ಕಿ, ಕಪ್ಪೆ, ಜೀರುಂಡೆ ಎಲ್ಲವೂ ಅದರ ಗಂಟಲಲ್ಲಿವೆ.

ನನ್ನ ಕೆಲಸ ಸ್ಪೀಕರ್ ಇಟ್ಟು ಬೇರೆ ಬೇರೆ ಹಕ್ಕಿಗಳ ಕೂಗು ಕೇಳಿಸುವುದು, ಇದು ಯಾವುದನ್ನು ಕಲಿಯುತ್ತದೆ ಎಂದು ನೋಡುವುದು. ಸೆಪ್ಟೆಂಬರ್ ಶುರುವಿನಲ್ಲಿ ಒಂದು ಬೆಳಗ್ಗೆ ಮನೆ ನೆನಪಾಗಿ ನಿನ್ನ ಹಳೆಯ ವಾಯ್ಸ್ ಮೆಸೇಜ್ ಒತ್ತಿದೆ. ಫೋನು ಸ್ಪೀಕರಿಗೆ ಕೂಡಿಕೊಂಡೇ ಇತ್ತು. "ಅಸ್ಫೀ, ಅಸ್ಫೀ, ಏ ಅಸ್ಫೀ, ಉಂಡಿಯೇನ್ ಬೇಟಾ?" ಕಲ್ಲು ಪಾಲಿಶ್ ಮಷೀನಿನ ಸದ್ದಿಗೆ ಕಿವಿ ಮಂದವಾದ ಅಬ್ಬಾನನ್ನು ಕರೆದು ಕರೆದು ಬೆಳೆದ ನಿನ್ನ ದನಿ. ಮದುವೆಮನೆಯಲ್ಲಿ ಢೋಲಕಿನ ಮೇಲೆ ಹಾಡು ಎತ್ತಿದರೆ ವಾಡಿ ಸ್ಟೇಶನ್ನಿಗೆ ಕೇಳುತ್ತದೆ ಎಂದು ಖಾಲಾ ಚೇಷ್ಟೆ ಮಾಡುವ ದನಿ. ಕಾಡೆಲ್ಲ ಒಮ್ಮೆ ಗಪ್ಪಾಯಿತು. ನಾನು ನಕ್ಕು ಬಂದ್ ಮಾಡಿದೆ.

ಮರುವಾರ ಎಲೆಗಳ ಅಂಗಳದ ಮೇಲಿನಿಂದ ನಿನ್ನ ದನಿ ಬಂತು. ಅಸ್ಫೀ, ಅಸ್ಫೀ. ಎರಡು ಸಲ ಕರೆದು ನಿಂತಿತು.

ನಮ್ಮ ಮನೆಯಲ್ಲಿ ಮೂರನೆಯ ಕೂಗಿಗೇ ಓ ಎನ್ನಬೇಕು. ನೀನು ಯಾವಾಗಲೂ ಮೂರು ಸಲ ಕರೆಯುವುದೂ ಅದಕ್ಕೇ. "ಮನಷ್ಯಾ ಆದ್ರ ಮೂರು ಸಲ ಕರೀತಾನ. ಅದು ಆದ್ರ ಎರಡಕ್ಕ ನಿಲ್ತದ" ಎಂದು ಭಂಕೂರಿನಲ್ಲಿ ನಿನ್ನ ತಾಯಿ, ನನ್ನ ನಾನಿ, ನಿನಗೆ ಕಲಿಸಿದ್ದಳು, ನೀರು ತುಂಬಿದ ಹಳೆಯ ಕಲ್ಲುಗಣಿಯ ಪಕ್ಕ ಮಕ್ಕಳನ್ನು ಬೆಳೆಸಬೇಕಿತ್ತಲ್ಲ. ನೀನು ನನಗೆ ಕಲಿಸಿದೆ. 'ಅದು' ಎಂದರೆ ಯಾವುದು ಎಂದು ಇಬ್ಬರೂ ಹೇಳಲಿಲ್ಲ. ನಾನು ಎಲ್ಲವನ್ನೂ ಮರೆತೆ, ಅಮ್ಮೀ. ಮೊದಲ ಕೂಗಿಗೇ "ಓ ಅಮ್ಮೀ, ಬಂದೆ" ಎಂದುಬಿಟ್ಟೆ. ಮೂರನೆಯದು ಬರಲಿಲ್ಲ.

ಹಕ್ಕಿ ಒಂದೇ ಸಲ ಕೇಳಿ ಕಲಿಯುವುದಿಲ್ಲ, ತಿಂಗಳುಗಟ್ಟಲೆ ಬೇಕು ಎಂದರು ಮೇಡಂ, ಮೊದಲು ನನ್ನ ಮಾತು ನಂಬಲಿಲ್ಲ. ತಾವೇ ಬಂದು ಕೇಳಿದ ಮೇಲೆ ಖುಷಿಯಿಂದ ನನ್ನನ್ನು ತಬ್ಬಿಕೊಂಡರು. ನಿನ್ನ ಮೆಸೇಜುಗಳನ್ನೆಲ್ಲ ಅದಕ್ಕೆ ಕೇಳಿಸೋಣ ಎಂದರು. ನಾನು ಒಪ್ಪಿದೆ. ಕಾಡಿನಲ್ಲಿ ನಿನ್ನ ದನಿ ಕೇಳುವ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಅದು ನಿನ್ನ ನಗು ಕಲಿಯಿತು. ಕೋಳಿಗಳನ್ನು ಬೈಯುವುದನ್ನು ಕಲಿಯಿತು. ಅತ್ತ ನಿನ್ನ ಹೊಸ ಮೆಸೇಜುಗಳಲ್ಲಿ ಮೊದಲು ನಗು ನಿಂತಿತು. ಆಮೇಲೆ ದನಿ ಒಡೆಯಿತು, ಹಾಡಿ ಹಾಡಿ ಗಂಟಲು ಕೂತಿದೆ ಎಂದೆ. ಈ ತಿಂಗಳು ಒಂದೂ ಬಂದಿಲ್ಲ. ಖಾಲಾ ಟೈಪ್ ಮಾಡುತ್ತಾಳೆ: ಅಮ್ಮಿ ಸೇಡಂಗೆ ಮದುವೆಗೆ ಹೋಗಿದ್ದಾಳೆ, ಚಿತ್ತಾಪುರಕ್ಕೆ ಹೋಗಿದ್ದಾಳೆ, ಚಿಂಚೋಳಿಯಲ್ಲೇ ಉಳಿದಿದ್ದಾಳೆ. ಇಷ್ಟೊಂದು ಮದುವೆ ಯಾರವು, ಅಮ್ಮೀ?

ನನ್ನ ತಲೆಯಲ್ಲಿ ಈಗ ಒಂದೇ ಮಾತು. ನಿನ್ನ ದನಿಯನ್ನು ನಾನೇ ಅದಕ್ಕೆ ಉಣಿಸಿದೆ. ಓದಿದ ಹುಡುಗಿ ಹೀಗೆಲ್ಲ ಬರೆಯುತ್ತಾಳೆಯೇ ಎಂದು ನಿನಗೆ ನಗು ಬಂದರೆ ಆ ನಗುವನ್ನೇ ಕಳಿಸು. ಇಲ್ಲವೇ ನನ್ನ ಹೆಸರು ಒಮ್ಮೆ ಹೇಳಿ ಕಳಿಸು. ಬರದಿದ್ದರೆ ಈ ಓದನ್ನು ಇಲ್ಲಿಗೇ ಬಿಟ್ಟು ಹೊರಟು ಬರುತ್ತೇನೆ. ಮೇಡಂಗೂ ಹೇಳಿಬಿಟ್ಟಿದ್ದೇನೆ.

ನಿನ್ನ ದನಿಗೆ ಕಾಯುತ್ತಿರುವ,
ಅಸ್ಫಿಯಾ

ತಾ.ಕ.: ಈ ವಾರದಿಂದ ಅದು ಎರಡು ಸಲ ಕರೆದ ಮೇಲೆ ಕೆಮ್ಮುತ್ತದೆ. ನಿನ್ನ ಮೆಸೇಜುಗಳನ್ನೆಲ್ಲ ಮತ್ತೆ ಕೇಳಿದೆ. ಒಂದರಲ್ಲೂ ಕೆಮ್ಮಿಲ್ಲ.


ಶಹಾಬಾದ್
ಅಕ್ಟೋಬರ್ 29, ಮಂಗಳವಾರ

ಮುದ್ದು ಅಸ್ಫಿಗೆ ಅಮ್ಮಿಯ ದುವಾ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ನಿನ್ನ ಬೆಟ್ಟ ದೂರದಿಂದಲೂ ನುಣ್ಣಗೆ ಕಾಣುವುದಿಲ್ಲ ಬಿಡು. ಭಂಕೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಕನ್ನಡ ಇವತ್ತು ಕೆಲಸಕ್ಕೆ ಬಂತು. ತಪ್ಪು ಹುಡುಕುತ್ತ ಕೂಡಬೇಡ.

ವಿಮಾನ ಗಿಮಾನ ಏನೂ ಬೇಡ. ಮೊದಲು ಪೂರ್ತಿ ಓದು. ನನ್ನ ಗಂಟಲಲ್ಲಿ ಒಂದು ಗಂಟು ಇತ್ತು. ನೀನು ಹೊರಡುವ ಮುಂಚೆಯೇ ಇತ್ತು, ಆಗ ಹೆಸರುಕಾಳಿನಷ್ಟು. ಹೇಳಿದ್ದರೆ ನೀನು ಹೋಗುತ್ತಿರಲಿಲ್ಲ. ಈ ತಿಂಗಳ ಮೊದಲಿಗೆ ಹೈದರಾಬಾದಿನಲ್ಲಿ ಆಪರೇಶನ್ ಆಯಿತು. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ ಡಾಕ್ಟರು. ದನಿ ಹೋಯಿತು. ಬಂದರೆ ಬರಬಹುದು, ಬರದೆಯೂ ಇರಬಹುದು. ಅದಕ್ಕೇ ನಿನ್ನ ಖಾಲಾ ನನ್ನನ್ನು ಊರೂರಿಗೆ ಮದುವೆಗೆ ಕಳಿಸಿದ್ದು. ಅವಳ ಮೇಲೆ ಸಿಟ್ಟಾಗಬೇಡ, ಹೇಳಿಕೊಟ್ಟವಳು ನಾನು.

ನಿಮ್ಮ ಅಬ್ಬಾಗೆ ಹೆಚ್ಚೇನೂ ವ್ಯತ್ಯಾಸವಾದಂತಿಲ್ಲ. ಕೈಸನ್ನೆ ಮಾಡಿದರೆ "ಈಗ ನಿನ್ನ ಮಾತು ಚಲೋ ಕೇಳಿಸ್ಲಿಕತ್ತದ" ಎನ್ನುತ್ತಾರೆ. ಹಾಗಂದು ಹಿತ್ತಲಿಗೆ ಹೋಗಿ ಕಣ್ಣು ಒರೆಸಿಕೊಂಡು ಬರುತ್ತಾರೆ. ಹಾಡಲು ಕರೆಯಲು ಬಂದವರಿಗೆ ನಾಹಿದ ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸುತ್ತಾಳೆ. ಆಗ ಮಾತ್ರ ನನಗೆ ಭಾಳ ಸಂಕಟವಾಗುತ್ತದೆ. ಒಳಗೆ ಕೂತು ಢೋಲಕಿನ ಹಗ್ಗ ಬಿಗಿಯುತ್ತೇನೆ.

ಹಾಗಾಗಿ ನೀನು ಯಾರಿಗೂ ಏನೂ ಉಣಿಸಿಲ್ಲ. ನೀನು ಹೋಗುವ ಮುಂಚೆಯೇ ಹುಟ್ಟಿದ ಗಂಟಿಗೆ ಆ ಬಡಪಾಯಿ ಹಕ್ಕಿ ಏನು ಮಾಡೀತು. ಈ ಭಾರವನ್ನು ತಲೆಯಿಂದ ಇಳಿಸಿಬಿಡು.

ಆದರೆ ನೀನು ಎಲ್ಲ ಬರೆದ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲ. ನನಗೆ ಕೆಮ್ಮು ಇತ್ತು. ನಿನಗೆ ಮೆಸೇಜ್ ಮಾಡುವಾಗ ಕೆಮ್ಮು ಬಂದರೆ ಅದನ್ನು ಅಳಿಸಿ ಮತ್ತೆ ಮಾಡುತ್ತಿದ್ದೆ. ಅಳಿಸಿದ್ದನ್ನು ಯಾರೂ ಕೇಳಿಲ್ಲ, ನಾಹಿದಳೂ ಕೇಳಿಲ್ಲ.

ಇನ್ನೊಂದು ಮಾತು. ನೀನು ಹೋದಾಗಿನಿಂದ ಬೆಳಗ್ಗೆ ಅಂಗಳ ಗುಡಿಸುತ್ತ ನಿನ್ನನ್ನು ಕರೆಯುತ್ತೇನೆ. ಮೊದಲು ದನಿಯಿಂದ ಕರೆಯುತ್ತಿದ್ದೆ, ಈಗ ತುಟಿ ಮಾತ್ರ ಅಲುಗುತ್ತದೆ. ಮೂರು ಸಲ ಕರೆಯಬೇಕೆಂದೇ ಶುರು ಮಾಡುತ್ತೇನೆ. ಎರಡಕ್ಕೇ ಕೆಮ್ಮು ಬಂದು ಫರಸಿಯ ಮೇಲೆ ಕೂತುಬಿಡುತ್ತೇನೆ. ನೀನು ಹೋದಾಗಿನಿಂದ ಮೂರನೆಯದನ್ನು ಒಂದು ದಿನವೂ ಮುಗಿಸಿಲ್ಲ.

ನಿನ್ನ ಪತ್ರ ಓದಿ ನಾನು ಹಗಲಲ್ಲೇ ಕದ ಹಾಕಿಕೊಂಡೆ. ಹೆದರಿಕೆಯಾಯಿತು. ಭಾಳ ಹೊತ್ತು ಕೂತ ಮೇಲೆ ಬೇರೆ ವಿಚಾರ ಬಂತು. ನನ್ನಲ್ಲಿ ಇಲ್ಲದ ದನಿ ಎಲ್ಲೋ ಒಂದು ಕಡೆ ಉಳಿದಿದೆ, ನಿನ್ನ ಹೆಸರು ಹಿಡಿದುಕೊಂಡು ಉಳಿದಿದೆ. ಪರದೇಶದಲ್ಲಿ ನಿನಗೊಬ್ಬರು ಕಾವಲು ಇದ್ದಂತಾಯಿತು. ಅದಕ್ಕೆ ಕಲ್ಲು ಹೊಡೆಯಬೇಡ, ಮೇಡಂಗೂ ಹೊಡೆಯಲು ಬಿಡಬೇಡ. ಆದರೆ ಇನ್ನು ಮೇಲೆ ಎರಡು ಕೂಗಿಗೆ ಓ ಎನ್ನಬೇಡ. ಒಮ್ಮೆ ತಪ್ಪಿದ್ದು ಸಾಕು, ಹುಚ್ಚಿ. ಓದು ಮುಗಿಸಿ ಬಾ. ಮೂರನೆಯ ಕೂಗನ್ನು ನಾನು ಇಲ್ಲೇ ಇಟ್ಟುಕೊಂಡಿರುತ್ತೇನೆ. ನೀನು ಬರುವ ದಿನ ಬಾಗಿಲಲ್ಲಿ ನಿಂತು ಕರೆಯುತ್ತೇನೆ, ದನಿ ಬರಲಿ, ಬಿಡಲಿ. ನನ್ನ ತುಟಿ ನೋಡಿ ಓ ಎನ್ನು.

ನಿನ್ನ ಅಮ್ಮಿ,
ಶಹರಬಾನು

ತಾ.ಕ.: ಇದನ್ನು ಬರೆಯಬೇಡ ಎಂದಳು ನಾಹಿದ. ಹೋದ ವಾರದ ಮಾತು, ನಿನ್ನ ಪತ್ರ ಇನ್ನೂ ಬಂದಿರಲಿಲ್ಲ. ಬೆಳಗ್ಗೆ ಬಂದವಳು ಅಂಗಳದಲ್ಲಿ ನಿಂತು "ಆಪಾ, ಎಲಿ ಎಲ್ಲಾ ಯಾಕ ಬೋರಲ ಹಾಸೀದಿ?" ಎಂದು ಕೇಳಿದಳು. ನೋಡಿದರೆ ಬಾದಾಮಿ ಗಿಡದ ಎಲೆಗಳು ಫರಸಿಯ ತುಂಬ, ಒಂದೊಂದೂ ಬೆನ್ನು ಮೇಲೆ. ಪೊರಕೆ ನನ್ನ ಕೈಯಲ್ಲೇ ಇತ್ತು. ಅವಳು ನಗುತ್ತ ಒಂದು ಎಲೆಯನ್ನು ತಿರುವಿಟ್ಟಳಂತೆ. ನಾನು ಹೋಗಿ ಸರಿ ಮಾಡಿ ಬಂದೆನಂತೆ. ಅವಳು ಹೇಳುತ್ತಾಳೆ, ನನಗೆ ನೆನಪಿಲ್ಲ.